ಹನ್ನೆರಡನೆಯ ಮರಿಯ ಹೆಸರು

ನನ್ನನ್ನು ಅಂಕಲ್ ಎಂದು ಕರೆಯುವವರನ್ನು ನಾನು ಸುಲಭಕ್ಕೆ ಕ್ಷಮಿಸುವುದಿಲ್ಲ. ಇದು ದೊಡ್ಡವರ ಲಕ್ಷಣವಲ್ಲ ಎಂದು ಗೊತ್ತಿದೆ, ಆದರೂ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಮಖಂಡಿಯ ಕಡೆ ಗಂಡಸನ್ನು ಕರೆಯಲು ಶಬ್ದಗಳಿಗೇನೂ ಕೊರತೆಯಿಲ್ಲ. ಕಾಕಾ ಇದೆ, ಮಾಮಾ ಇದೆ, ಅಣ್ಣಾ ಇದೆ, ಏನೂ ತೋಚದಿದ್ದರೆ 'ಏನ್ರೀ' ಎಂಬುದೊಂದು ಇದ್ದೇ ಇದೆ. ಕಾಕಾ ಎಂದರೆ ಅಪ್ಪನ ಕಡೆಯವನು, ಮಾಮಾ ಎಂದರೆ ಅವ್ವನ ಕಡೆಯವನು. ಅಂಕಲ್ ಎಂದರೆ ಯಾವ ಕಡೆಯವನೂ ಅಲ್ಲ, ಬರೀ ತಲೆ ನೆರೆತವನು. ಹಾಲಿನವನು, ಕೊರಿಯರ್‌ನವನು, ಪಕ್ಕದ ಮನೆಯ ಕಾಲೇಜು ಹುಡುಗಿ, ಎಲ್ಲರೂ ಗೇಟಿನಲ್ಲಿ ನಿಂತು 'ಅಂಕಲ್' ಎಂದೇ ಕೂಗುತ್ತಾರೆ. ಹೆಂಡತಿ ಸುವರ್ಣಾಳಿಗೆ ದೂರು ಕೊಟ್ಟರೆ, "ಅಂಕಲ್ ಅನ್ನದ ಏನ್ ತಮ್ಮಾ ಅನಬೇಕೇನ್ರಿ? ಒಂದ್ಸಲ ಕನ್ನಡ್ಯಾಗ ಮಾರಿ ನೋಡ್ಕೋರಿ" ಎನ್ನುತ್ತಾಳೆ. ಮನೆಯಲ್ಲಿ ನನ್ನ ಸಿಟ್ಟನ್ನು ಹಂಚಿಕೊಳ್ಳುವ ಜೀವ ಒಂದೇ, ನಮ್ಮ ನಾಯಿ ರಾಜಾ. ನಾನು 'ರಾಜಾ' ಎಂದು ಗಂಟಲು ಹರಿದುಕೊಂಡರೂ ಅದು ಕಿವಿ ಅಲುಗಿಸುವುದಿಲ್ಲ. ಆದರೆ ಗೇಟಿನಲ್ಲಿ ಯಾರಾದರೂ ಅಂಕಲ್ ಎಂದರೆ ಸಾಕು, ಮಲಗಿದಲ್ಲಿಂದ ಎದ್ದು ಒಂದೇ ಜಿಗಿತಕ್ಕೆ ಅಲ್ಲಿರುತ್ತದೆ. ನನ್ನ ಮಾನ ಕಾಯಲು ಇದೊಂದಾದರೂ ಇದೆಯಲ್ಲ ಎಂದು ಎರಡು ವರ್ಷ ಸಮಾಧಾನ ಪಟ್ಟುಕೊಂಡಿದ್ದೆ.

ನಾನು ಮೂಲತಃ ಮಾಸ್ತರ. ಸಾಲಿ ಮಾಸ್ತರನಲ್ಲ, ಕಂಪ್ಯೂಟರ್ ಕ್ಲಾಸಿನ ಮಾಸ್ತರ. ಜನರ ಕೈಗೆ ಫೋನು ಬಂದ ಮೇಲೆ ಕ್ಲಾಸಿಗೆ ಯಾರೂ ಬರಲಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಾಗಿಹೋಗಿತ್ತು. ಆಮೇಲೆ ವೆಬ್‌ಸೈಟ್ ಮಾಡಿಕೊಡುವುದನ್ನು ಹಿಡಿದೆ. ಮದುವೆ ಕಾರ್ಯಾಲಯಗಳಿಗೆ ಮಾಡಿದೆ, ಬೆಲ್ಲದ ವ್ಯಾಪಾರಿಗಳಿಗೆ ಮಾಡಿದೆ. ಬನಹಟ್ಟಿಯ ಸೀರೆ ಅಂಗಡಿಯವರೊಬ್ಬರು, ಗಿರಾಕಿಗೆ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಲು ಬರುವಂಥ ವೆಬ್‌ಸೈಟ್ ಬೇಕು ಎಂದರು. ಆಗುವುದಿಲ್ಲ ಎಂದಾಗ, "ಹಂಗಾರ ನೀವು ಕಲಿತದ್ದರೆ ಏನ್ರಿ?" ಎಂದು ಕೇಳಿದರು. ಇಂಥ ಕೆಲಸಗಳ ನಡುವೆ ನಾನು ಎದೆ ಮುಟ್ಟಿಕೊಂಡು 'ಇದು ನನ್ನದು' ಎನ್ನಬಹುದಾದದ್ದು ಒಂದೇ ಇತ್ತು, ಮುಧೋಳ ನಾಯಿಗಳ ವಂಶಾವಳಿ. ಮುಧೋಳದ ಸುತ್ತ ನಾಯಿ ಸಾಕುವವರು ಒಂದು ಸಂಘ ಮಾಡಿಕೊಂಡಿದ್ದಾರೆ. ಅವರಿಗಾಗಿ ಆರು ವರ್ಷ ಹಳ್ಳಿ ಹಳ್ಳಿ ತಿರುಗಿ, ಯಾವ ನಾಯಿ ಯಾವ ನಾಯಿಯ ಮಗಳು, ಯಾವುದರ ಅಜ್ಜ ಯಾರ ತೋಟದಲ್ಲಿತ್ತು ಎಂದು ಕೇಳಿ, ಫೋಟೋ ತೆಗೆದು, ಸೇರಿಸಿದ್ದೆ. ಎರಡು ಸಲ ಕಚ್ಚಿಸಿಕೊಂಡಿದ್ದೆ. ಪ್ರತಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು. ನನ್ನ ಸ್ವಂತ ವಂಶಾವಳಿಯಲ್ಲಿ ಮುತ್ತಜ್ಜನ ಹೆಸರಿನಾಚೆ ನನಗೆ ಗೊತ್ತಿಲ್ಲ. ನಾಯಿಗಳದ್ದು ಏಳು ತಲೆಮಾರು ಬಾಯಿಪಾಠ.

ಆ ವೆಬ್‌ಸೈಟ್‌ಗೆ ಒಳಗೆ ಬರುವ ದಾರಿ ಸರಳವಾಗಿತ್ತು. ಫೋನ್ ನಂಬರು ಹಾಕಿದರೆ ಒಂದು ಓಟಿಪಿ ಬರುತ್ತಿತ್ತು, ಅದನ್ನು ಹಾಕಿದರೆ ಮುಗಿಯಿತು. ಯಾರಿಗೂ ತಕರಾರಿರಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರ ಮಗಳಿಗೆ ಮದುವೆಯಾಗಿ ಪುಣೆಯಿಂದ ಅಳಿಯ ಬಂದ. ಹೊಸ ಅಳಿಯನ ಮಾತಿಗೆ ನಮ್ಮ ಕಡೆ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ. ಹೋಳಿಗೆಗೆ ತುಪ್ಪ ಸಾಲದು ಎಂದು ಅವನೆಂದರೆ ಮನೆಯವರೆಲ್ಲ ಓಡುತ್ತಾರೆ. ಈ ಅಳಿಯ ತುಪ್ಪದ ಮಾತೆತ್ತದೆ ಪಾಸ್‌ವರ್ಡಿನ ಮಾತೆತ್ತಿದ. "ಓಟಿಪಿ ಎಲ್ಲಾ ಮುಗದ್ಹೋತ್ರಿ ಮಾವಾರ. ಈಗ ಎಲ್ಲಾ ಕ್ರಿಪ್ಟೋ ವಾಲೆಟ್. ನಾಯಿದು ದಾಖಲೆ ಅಂದ್ರ ಯಾರೂ ಅಳಸಾಕ ಬರಬಾರದು, ಮಾಡಿದಾಂವಗೂ ಬರಬಾರದು." ಕೊನೆಯ ಮಾತನ್ನು ನನ್ನ ಕಡೆ ನೋಡಿ ಹೇಳಿದ. ಅಧ್ಯಕ್ಷರು ಮೀಸೆ ತಿರುವಿ, "ಅಳಿಯಾರು ಅಂತಾರಂದ್ರ ಅದರಾಗ ಏನರೆ ಇರತೈತಿ ಮಾಸ್ತರ್ರ. ಮಾಡಿ ಬಿಡ್ರಿ" ಎಂದರು. ಆರು ವರ್ಷದಲ್ಲಿ ನಾನೊಂದು ಅಕ್ಷರ ಅಳಿಸಿದ್ದಿಲ್ಲ. ಅದನ್ನು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಚಹಾ ಬಂತು.

ವಾಲೆಟ್ ಎಂದರೆ ಪಾಕೀಟು. ಆದರೆ ಈ ಪಾಕೀಟಿನಲ್ಲಿ ದುಡ್ಡಿರಲೇಬೇಕೆಂದಿಲ್ಲ, ನಮ್ಮದರಲ್ಲಂತೂ ಇರಲಿಲ್ಲ. ಅದು ಫೋನಿನೊಳಗೆ ಕೂರುವ ಒಂದು ಗುಪ್ತ ಕೀಲಿ. ನೀವು ಒಳಗೆ ಬರಬೇಕೆಂದಾಗ ವೆಬ್‌ಸೈಟ್ ಒಂದು ಅರ್ಥವಿಲ್ಲದ ಸಾಲನ್ನು ಕಳಿಸುತ್ತದೆ. ಪಾಕೀಟು ಅದಕ್ಕೆ ತನ್ನ ಕೀಲಿಯಿಂದ ಸಹಿ ಹಾಕಿ ವಾಪಸು ಕೊಡುತ್ತದೆ. ಸಹಿ ಸರಿಯಿದ್ದರೆ, ಇವನೇ ಅವನು ಎಂದು ವೆಬ್‌ಸೈಟ್ ಒಪ್ಪುತ್ತದೆ. ಹೆಸರು ಬೇಡ, ಊರು ಬೇಡ, ಫೋನ್ ನಂಬರೂ ಬೇಡ. ಕೇಳಲು ಚೆಂದವೇ. ಮಾಡಿಕೊಟ್ಟ ಮರುದಿನ ಬೀಳಗಿಯ ಸದಸ್ಯರೊಬ್ಬರು ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. "ಮಾಸ್ತರ್ರ, 'ಸಹಿ ಮಾಡಿ' ಅಂತ ಬರಾಕತ್ತೈತಿ. ಯಾತಕ್ಕ ಸಹಿ? ಯಾರಿಗರೆ ಜಾಮೀನ ಆಗಬೇಕೇನು? ನಮ್ಮಣ್ಣನ್ನ ಕೇಳದ ನಾ ಎಲ್ಲೂ ಸಹಿ ಮಾಡಾಂವಲ್ಲ ನೋಡ್ರಿ." ಅವರೊಬ್ಬರೇ ಅಲ್ಲ, ಯಾರೂ ಆ ಗುಂಡಿ ಒತ್ತಿರಲಿಲ್ಲ. ಸಹಿ ಮಾಡಿ ಕೆಟ್ಟವನೊಬ್ಬ ಪ್ರತಿ ಮನೆತನದಲ್ಲೂ ಇರುತ್ತಾನೆ. ಕೊನೆಗೆ 'ಸಹಿ ಮಾಡಿ' ತೆಗೆದು 'ಒಳಗ ಬರ್ರಿ' ಎಂದು ಬರೆದೆ. ಎಲ್ಲರೂ ಬಂದರು. ಬಂದು ನೋಡಿದರೆ ಹೆಸರಿನ ಜಾಗದಲ್ಲಿ ಸೊನ್ನೆ ಎಕ್ಸ್ ಎಂದು ಶುರುವಾಗುವ ಒಂದು ಗಜದುದ್ದದ ನಂಬರು. "ಈ ಸೊನ್ನಿ ಎಕ್ಸ್ ಅನ್ನಾಂವ ಯಾರ ಪೈಕಿರಿ?" ಎಂದು ತೇರದಾಳದವರು ಕೇಳಿದರು. ಮತ್ತೆ ಕೂತು ಆ ನಂಬರುಗಳ ಮೇಲೆ ಒಬ್ಬೊಬ್ಬರ ಅಡ್ಡಹೆಸರು ಹೊಂದಿಸಿದೆ. ಹೆಸರಿಲ್ಲದ ವ್ಯವಸ್ಥೆಗೆ ಹೆಸರು ಅಂಟಿಸಲು ನನಗೆ ಹಿಡಿದಷ್ಟು ಹೊತ್ತು, ಆ ವ್ಯವಸ್ಥೆ ಕಟ್ಟಲು ಹಿಡಿದಿರಲಿಲ್ಲ.

ಆಮೇಲೆ ಬಂದದ್ದು ದೊಡ್ಡ ಕೀಲಿಯ ಪ್ರಶ್ನೆ. ಯಾವ ಹೊಸ ನಾಯಿಯ ದಾಖಲೆ ಸೇರಬೇಕಾದರೂ ಒಂದು ಪಾಕೀಟಿನ ಒಪ್ಪಿಗೆ ಬೇಕು. ಆ ಪಾಕೀಟು ಯಾರ ಹತ್ತಿರ ಇರಬೇಕು? ನನ್ನ ಹತ್ತಿರವೇ ಎಂದು ನಾನು ತಿಳಿದಿದ್ದೆ. ಸಭೆಯಲ್ಲಿ ಅಧ್ಯಕ್ಷರು, "ನಂಬಿಕಸ್ತ ಮನಷ್ಯಾ ಬೇಕು" ಎಂದಾಗ ನಾನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೂ ಬಂದೆ. "ಗಿರಿಮಲ್ಲಪ್ಪ ಕಾಕಾನ ಕಡೆ ಇರ್ಲಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಗಿರಿಮಲ್ಲಪ್ಪ ಕಾಕಾ ಮುಧೋಳದ ಹತ್ತಿರದ ಹಳ್ಳಿಯವರು, ಎಪ್ಪತ್ತು ದಾಟಿದವರು, ನಾಲ್ಕು ತಲೆಮಾರಿನಿಂದ ಬೇಟೆನಾಯಿ ಸಾಕಿದ ಮನೆತನ. ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ಇಂಗ್ಲಿಷ್ ಅಕ್ಷರ ಬಾರದವರ ಕೈಗೆ ಹನ್ನೆರಡು ಇಂಗ್ಲಿಷ್ ಶಬ್ದ ಕೊಡುವುದು ಹೇಗೆ ಎಂಬ ತಕರಾರು ಮಾತ್ರ ಇತ್ತು. ಏಕೆಂದರೆ ಪಾಕೀಟು ಮಾಡಿದಾಗ ಅದು ಹನ್ನೆರಡು ಶಬ್ದಗಳನ್ನು ತೋರಿಸುತ್ತದೆ. ಫೋನು ಕಳೆದರೆ ಅದೇ ಶಬ್ದ, ಅದೇ ಕ್ರಮದಲ್ಲಿ ಹಾಕಿದರೆ ಪಾಕೀಟು ಮತ್ತೆ ಹುಟ್ಟುತ್ತದೆ. ಶಬ್ದ ಮರೆತರೆ ದೇವರೂ ಏನೂ ಮಾಡಲಾರ.

ಅವರ ಮನೆಗೆ ಹೋಗಿ ಫೋನಿನಲ್ಲಿ ಪಾಕೀಟು ಹಾಕಿಕೊಟ್ಟೆ. ಅಂಗಳದಲ್ಲಿ ಎರಡು ಹೆಣ್ಣುನಾಯಿಗಳು ಮೊನ್ನೆಯಷ್ಟೇ ಮರಿ ಹಾಕಿ ಗೋಣಿಯ ಮೇಲೆ ಮಲಗಿದ್ದವು. ನಾನು ಶಬ್ದಗಳನ್ನು ನೋಡಬಾರದು, ಕೇಳಬಾರದು, ಅದು ನಿಯಮ. ಓದಿ ಹೇಳಲು ಕಾಕಾನ ಸೊಸೆಯನ್ನು ಕರೆಸಿದೆ. "ಕಾಕಾ, ಇವನ್ನ ಬರದ ಇಡಬ್ಯಾಡ್ರಿ, ಮನಸಿನಾಗ ಇಟ್ಕೋರಿ. ಯಾರ ಕೇಳಿದ್ರೂ ಹೇಳಬ್ಯಾಡ್ರಿ. ನಾ ಬಂದ ಕೇಳಿದ್ರೂ ಹೇಳಬ್ಯಾಡ್ರಿ" ಎಂದು ಒತ್ತಿ ಒತ್ತಿ ಹೇಳಿ, ಬೋರ್‌ವೆಲ್‌ವರೆಗೆ ನಡೆದುಹೋಗಿ ಕಬ್ಬಿನ ಕಡೆ ಮುಖ ಮಾಡಿ ನಿಂತೆ. ಇಂಥ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಅಲ್ಲಿ ಒಂದು ಎಮ್ಮೆ ಮಾತ್ರ ಇತ್ತು. ವಾಪಸು ಬಂದಾಗ ಕಾಕಾ ಮರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದರ ತಲೆ ಮುಟ್ಟುತ್ತಿದ್ದರು. "ಆತ್ರಿ ಮಾಸ್ತರ್ರ, ಎಲ್ಲಾ ಕುಂತ್ವು" ಎಂದರು. ಮನಸ್ಸಿನಲ್ಲಿ ಕೂತವು ಎಂದು ತಿಳಿದುಕೊಂಡೆ.

ಎರಡು ತಿಂಗಳ ಮೇಲೆ ಕಾಕಾ ಒಂದು ಚೀಲದಲ್ಲಿ ಮರಿ ಇಟ್ಟುಕೊಂಡು ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ನಾನು ಬಾಗಿಲು ತೆರೆದೆ. ಅವರು ಮರಿಯನ್ನು ನನ್ನ ಕೈಗಿಟ್ಟು, "ಅಂಕಲ್. ಹನ್ನೆರಡನೇದು. ನಿಮ್ಮ ಮನ್ಯಾಗ ಇರ್ಲಿ, ಛಲೋ ಜ್ವಾಪಾನ ಮಾಡ್ರಿ" ಎಂದರು. ನನ್ನ ಮುಖ ಕಪ್ಪಿಟ್ಟಿತು. ಯಾವಾಗಲೂ ಮಾಸ್ತರ್ರ ಎನ್ನುತ್ತಿದ್ದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅವರ ಬಾಯಲ್ಲೂ ಅಂಕಲ್! ಅದರ ಮೇಲೆ ಹನ್ನೆರಡನೆಯದು, ಅಂದರೆ ಎಲ್ಲರೂ ಆರಿಸಿಕೊಂಡು ಬಿಟ್ಟದ್ದು. ಚಹಾ ಕುಡಿಸಿ ಕಳಿಸಿದೆ, ಆದರೆ ಮಾತು ಬೆಳೆಸಲಿಲ್ಲ. ಮರಿಗೆ ರಾಜಾ ಎಂದು ನಾನೇ ಹೆಸರಿಟ್ಟೆ. ವಂಶಾವಳಿಗೆ ಸೇರಿಸೋಣವೆಂದರೆ ಅದಕ್ಕೂ ಕಾಕಾನ ಒಪ್ಪಿಗೆಗೆ ಅರ್ಜಿ ಹಾಕಬೇಕು. ನಾನು ಕಟ್ಟಿದ ಮನೆಯೊಳಗೆ ನನ್ನ ನಾಯಿ ಬಿಡಲು ಇನ್ನೊಬ್ಬರ ಬಾಗಿಲು ಬಡಿಯುವುದೇ? ಬಿಟ್ಟುಬಿಟ್ಟೆ.

ಹೀಗೇ ಎರಡು ವರ್ಷ ನಡೆಯಿತು. ಮೊನ್ನೆ ಕಬ್ಬಿಗೆ ನೀರು ತಿರುಗಿಸುವಾಗ ಕಾಕಾನ ಫೋನು ಜೇಬಿನಿಂದ ಜಾರಿ ಕಾಲುವೆಗೆ ಬಿತ್ತು. ಮುಧೋಳದಲ್ಲಿ ನಾಯಿಗಳ ಪ್ರದರ್ಶನ ಹತ್ತಿರ ಬಂದಿತ್ತು. ವಂಶಾವಳಿಯಲ್ಲಿ ದಾಖಲಾಗದ ನಾಯಿಗೆ ಅಲ್ಲಿ ಪ್ರವೇಶವಿಲ್ಲ, ದಾಖಲಾಗಬೇಕಾದ ನಾಯಿಗಳು ಸಾಲುಗಟ್ಟಿ ನಿಂತಿದ್ದವು, ಒಪ್ಪಿಗೆ ಕೊಡುವ ಪಾಕೀಟು ನೀರಿನ ಪಾಲಾಗಿತ್ತು. ಅಧ್ಯಕ್ಷರು ತುರ್ತು ಸಭೆ ಕರೆದರು. "ಮಾಸ್ತರ್ರ, ಕೀಲಿ ಮಾಡಿದಾಂವ ನೀವು. ನಿಮ್ಮ ಕಡೆ ಇನ್ನೊಂದ ಕೀಲಿ ಇಲ್ಲ ಅಂದ್ರ ಯಾರ ನಂಬತಾರ್ರಿ? ಹಿತ್ತಲ ಬಾಗಲಾ ಅಂತ ಒಂದ ಇಟ್ಟಿರತಾರಂತ ಅಳಿಯಾರು ಅಂದ್ರು." ಮಾಡಿದವನಿಗೂ ಬರಬಾರದು ಎಂದು ಷರತ್ತು ಹಾಕಿದವನು ಅದೇ ಅಳಿಯ. ಹಾಗೇ ಕಟ್ಟಿದ್ದೆ, ಹಿತ್ತಲೂ ಇಲ್ಲ, ಬಾಗಿಲೂ ಇಲ್ಲ. ಸಭೆಯಲ್ಲಿದ್ದ ಒಬ್ಬರೂ ನನ್ನ ಪರವಾಗಿ ಬಾಯಿ ತೆರೆಯಲಿಲ್ಲ. ಇವರ ನಾಯಿಗಳ ಅಜ್ಜಿಯರ ಹೆಸರೂ ನನಗೆ ಗೊತ್ತು, ನಾನು ಕಳ್ಳನೋ ಅಲ್ಲವೋ ಎಂಬುದು ಇವರಿಗೆ ಗೊತ್ತಿಲ್ಲ. ಪ್ರದರ್ಶನಕ್ಕೆ ಮೊದಲು ಕೀಲಿ ತೆರೆಯದಿದ್ದರೆ ಈ ವೆಬ್‌ಸೈಟ್ ಮುಚ್ಚಿ, ಪುಣೆಯವರಿಂದ ಹೊಸದು ಮಾಡಿಸುವುದೆಂದು ಠರಾವಾಯಿತು.

ಕಾಕಾ ಮೂಲೆಯಲ್ಲಿ ಶಾಂತವಾಗಿ ಕೂತಿದ್ದರು. ಅವರ ಕಾಲಿಗೆ ಬೀಳುವುದೊಂದು ಬಾಕಿ. "ಕಾಕಾ, ಆ ಹನ್ನೆರಡ ಶಬ್ದ ನೆನಪದಾವೇನ್ರಿ?" ಎಂದೆ. "ಅದಾವ್ರಿ, ಯಾಕ ಇರಂಗಿಲ್ಲ?" "ಹೇಳ್ರಲ್ಲ ಮತ್ತ." ಅವರು ತಲೆ ಅಲ್ಲಾಡಿಸಿದರು. "ಹೇಳಂಗಿಲ್ರಿ. ನಾ ಬಂದ ಕೇಳಿದ್ರೂ ಹೇಳಬ್ಯಾಡ್ರಿ ಅಂತ ನೀವ ಅಂದೀರಿ. ನಾ ಹೂಂ ಅಂದೀನಿ. ಹೂಂ ಅಂದಮ್ಯಾಲ ಮುಗೀತು." ಎಷ್ಟು ಕೇಳಿದರೂ ಅದೇ. ಸೊಸೆಗೆ ಹೇಳಿ ಕಳಿಸಿದರೆ, ಮಾವನವರು ಬೇಡವೆಂದಿದ್ದಾರೆ ಎಂಬ ಉತ್ತರ ಬಂತು. ಜೀವಮಾನದಲ್ಲಿ ನನ್ನ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ಮರುದಿನ ಬೇರೊಂದು ಕೆಲಸಕ್ಕೆ ಬೀಳಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ, "ಏ ಪೊಲೀಸಾ! ಬಾರಲೇ ಇಲ್ಲಿ, ಪೊಲೀಸಾ!" ಎಂದು ಕೂಗಿದ. ಹೆಲ್ಮೆಟ್ ಇಲ್ಲದ ಇಬ್ಬರು ಗಾಡಿ ತಿರುಗಿಸಿಕೊಂಡು ಓಡಿದರು. ಬಂದದ್ದು ಒಂದು ನೀಳಗಾಲಿನ ಮುಧೋಳ ನಾಯಿ. ನೋಡಿದರೆ ಕೂಗಿದವನು ನಮ್ಮ ಸಹಿ ಮಾಡದ ಸದಸ್ಯನ ತಮ್ಮ. "ಇದೆಂಥಾ ಹೆಸರೋ ಮಾರಾಯಾ?" ಎಂದೆ. "ಗಿರಿಮಲ್ಲಪ್ಪ ಕಾಕಾ ಇಟ್ಟದ್ದರಿ. ಮೂರನೇ ಮರಿ. ಹೆಸರ ಬದಲ ಮಾಡಂಗಿಲ್ಲ ಅಂತ ವಚನ ತಗೊಂಡ ಕೊಟ್ಟಾರ. ಪೊಲೀಸರು ಬೈಯಾಕತ್ತಾರ, ಏನ್ ಮಾಡೂದು?" ಪಾಕೀಟುಗಳ ಶಬ್ದಗಳೆಲ್ಲ ಒಂದು ಗೊತ್ತುಮಾಡಿದ ಪಟ್ಟಿಯಿಂದಲೇ ಬರುತ್ತವೆ, ಎರಡು ಸಾವಿರ ಚಿಲ್ಲರೆ ಶಬ್ದಗಳ ಪಟ್ಟಿ. ಪೊಲೀಸ್ ಎಂಬುದು ಅದರಲ್ಲಿದೆ. ಅಂಗಳದಲ್ಲಿ ಅಂದು ಏಳು ಮತ್ತು ಐದು ಮರಿಗಳಿದ್ದವು. 'ಎಲ್ಲಾ ಕುಂತ್ವು' ಎಂದಿದ್ದರು ಕಾಕಾ. ಶಬ್ದಗಳು ಕೂತದ್ದು ಮನಸ್ಸಿನಲ್ಲಲ್ಲ, ಮರಿಗಳ ತಲೆಯ ಮೇಲೆ.

ಮನೆಗೆ ಬಂದವನೇ ನನ್ನದೇ ವೆಬ್‌ಸೈಟ್ ತೆರೆದೆ. ಕಾಕಾನ ಆ ಎರಡು ನಾಯಿಗಳ ಪುಟದಲ್ಲಿ ಮರಿಗಳು ಸಾಲಾಗಿ ಕೂತಿದ್ದವು. ಒಂದನೇ ಮರಿ ಟೈಗರ್, ರಬಕವಿ. ಎರಡನೇ ಮರಿ ಶುಗರ್, ಹಿಪ್ಪರಗಿ. ಮೂರನೇದು ಪೊಲೀಸ್. ಆಮೇಲೆ ಲೆಮನ್, ಕ್ಯಾಮೆರಾ, ಡಾಕ್ಟರ್, ಪಪ್ಪಿ... ಮರಿಗೆ ಪಪ್ಪಿ ಎಂದು ಹೆಸರಿಟ್ಟದ್ದನ್ನು ನೋಡಿ ಕಾಕಾನಿಗೆ ಹೆಸರು ಖಾಲಿಯಾಗಿರಬೇಕೆಂದು ನಾನೇ ಒಮ್ಮೆ ನಕ್ಕಿದ್ದೆ. 'ಎಷ್ಟನೇ ಮರಿ' ಎಂಬ ಕಾಲಮ್ಮು ಮಾಡಿಟ್ಟವನೂ ನಾನೇ. ಎರಡನೆಯ ನಾಯಿ ಹಾಕಿದ್ದು ಐದೇ ಮರಿ, ಆದರೂ ಅದರಲ್ಲೊಂದು ಹತ್ತನೇ ಮರಿ ಎಂದು ದಾಖಲಾಗಿದ್ದನ್ನು ಕಂಡು, ಹಿರಿಯರ ಲೆಕ್ಕ ಎಂದು ಸುಮ್ಮನಾಗಿದ್ದೆ. ಯಾರಿಗೂ ಹೇಳಬೇಡಿ ಎಂದು ಎಮ್ಮೆಯ ಸಾಕ್ಷಿಯಾಗಿ ಕಾಪಾಡಿದ ಗುಟ್ಟು, ಎರಡು ವರ್ಷದಿಂದ ಊರಿಗೆಲ್ಲ ಕಾಣುವಂತೆ, ಕ್ರಮ ಸಮೇತ, ಫೋಟೋ ಸಮೇತ, ತಳದಲ್ಲಿ ನನ್ನ ಹೆಸರಿನ ಸಮೇತ ತೆರೆದುಕೊಂಡಿತ್ತು. ಹನ್ನೊಂದು ಶಬ್ದಗಳು. ಹನ್ನೆರಡನೆಯದು ಮಾತ್ರ ದಾಖಲಾಗಿರಲಿಲ್ಲ. ಅದು ನನ್ನ ಕುರ್ಚಿಯ ಕೆಳಗೆ ಮಲಗಿ ಚಪ್ಪಲಿ ಕಡಿಯುತ್ತಿತ್ತು.

"ರಾಜಾ, ನಿನ್ನ ಖರೆ ಹೆಸರೇನಲೇ?" ಎಂದೆ. ತಿರುಗಿ ನೋಡಲಿಲ್ಲ. ಕಾಕಾ ಕೊಡುವಾಗ ಹೆಸರು ಹೇಳಿರಲೇ ಇಲ್ಲವಲ್ಲ ಎಂದು ಸಿಟ್ಟು ಬಂತು. ಎಲ್ಲರಿಂದ ವಚನ ತೆಗೆದುಕೊಂಡು ಹೆಸರಿಟ್ಟ ಮರಿ ಕೊಟ್ಟವರು ನನಗೊಬ್ಬನಿಗೆ ಹೆಸರಿಲ್ಲದ ಮರಿ ಕೊಟ್ಟಿದ್ದಾರೆ! ಇರಲಿ, ಒಂದೇ ಶಬ್ದ ಬಾಕಿಯಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಪಟ್ಟಿಯ ಶಬ್ದಗಳನ್ನು ಒಂದೊಂದಾಗಿ ಕೊನೆಗೆ ಜೋಡಿಸಿ, ಯಾವುದರಿಂದ ದೊಡ್ಡ ಕೀಲಿಯ ನಂಬರು ಹುಟ್ಟುತ್ತದೆ ಎಂದು ಕಂಪ್ಯೂಟರೇ ನೋಡಬಹುದು. ಹತ್ತು ಸಾಲು ಬರೆದು ಓಡಿಸಿ, ಸುವರ್ಣಾ ಕೊಟ್ಟ ಚಹಾ ಹಿಡಿದೆ. ಅರ್ಧ ಕಪ್ಪು ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಒಂದೇ ಶಬ್ದ ಬಂದು ನಿಂತಿತು. ಅಂಕಲ್.

ಕಂಪ್ಯೂಟರೂ ನನ್ನನ್ನು ಅಂಕಲ್ ಎಂದಿತು ಎಂದೇ ಮೊದಲು ತೋಚಿದ್ದು. "ನೋಡ ಇಲ್ಲೆ, ಇದೂ ನನ್ನ ಅಂಕಲ್ ಅನ್ನಾಕತ್ತೈತಿ!" ಎಂದು ಜೋರಾಗಿಯೇ ಕೂಗಿದೆ. ಕುರ್ಚಿಯ ಕೆಳಗಿನಿಂದ ರಾಜಾ ಧಡಕ್ಕನೆ ಎದ್ದು, ಎರಡೂ ಕಿವಿ ನಿಮಿರಿಸಿ, ಗೇಟಿಗೆ ಓಡಿತು. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಬಸ್ಸು ಬರುವ ರಸ್ತೆಯ ಕಡೆ ನೋಡುತ್ತ ನಿಂತು, ಆಮೇಲೆ ಬಾಲ ಇಳಿಬಿಟ್ಟುಕೊಂಡು ವಾಪಸು ಬಂತು. ಆಗ ನನಗೆ ಬಾಗಿಲಲ್ಲಿ ನಿಂತ ಕಾಕಾನ ಮಾತು ಇದ್ದ ಹಾಗೆ ಕೇಳಿಸಿತು. ಅಂಕಲ್. ಹನ್ನೆರಡನೇದು. ನಿಮ್ಮ ಮನ್ಯಾಗ ಇರ್ಲಿ. ಅವರು ಹೆಸರು ಹೇಳಿಯೇ ಕೊಟ್ಟಿದ್ದರು. ನಾಯಿ ನನ್ನ ಮಾನ ಕಾಯಲು ಓಡುತ್ತಿರಲಿಲ್ಲ, ತನ್ನ ಹೆಸರಿಗೆ ಓಡುತ್ತಿತ್ತು. ಊರೆಲ್ಲ ಅದನ್ನು ಸರಿಯಾದ ಹೆಸರಿನಿಂದಲೇ ಕರೆಯುತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ಕೀಲಿ ತೆರೆಯಿತು. ಸಾಲಿನಲ್ಲಿದ್ದ ನಾಯಿಗಳಿಗೆ ಕಾಕಾನೇ ಹೊಸ ಫೋನಿನಲ್ಲಿ ಒಪ್ಪಿಗೆ ಕೊಟ್ಟರು. ಸಭೆಯಲ್ಲಿ ನಾನು ಶಬ್ದ ಸಿಕ್ಕ ಬಗೆ ವಿವರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾ ಮಾತ್ರ, "ನಾ ಯಾರಿಗೂ ಹೇಳಿಲ್ರಿ. ಒಬ್ಬೊಬ್ಬರಿಗೆ ಒಂದೊಂದ ಹೇಳೀನಿ" ಎಂದು ಗಂಭೀರವಾಗಿ ಸ್ಪಷ್ಟೀಕರಣ ಕೊಟ್ಟರು. ನನ್ನ ನಾಯಿಯ ಹೆಸರು ಕಂಪ್ಯೂಟರಿನಿಂದ ತಿಳಿಯಿತು ಎಂಬುದನ್ನು ನಾನು ನುಂಗಿಕೊಂಡೆ. ನಗು ನಿಂತ ಮೇಲೆ ಫೋನಿನಲ್ಲಿ ಅಳಿಯನ ದನಿ ಬಂತು. ಗುಟ್ಟಿನ ಶಬ್ದಗಳು ವೆಬ್‌ಸೈಟಿನ ಮೇಲೇ ಬಿದ್ದಿದ್ದವು ಎಂದರೆ ಅದನ್ನು ನೋಡಿಕೊಳ್ಳುವವನ ತಪ್ಪಲ್ಲವೇ ಎಂದು ಕೇಳಿದ. ಅಧ್ಯಕ್ಷರು ನೆಲ ನೋಡುತ್ತ, "ಅಳಿಯಾರು ಅನ್ನೂದು ಖರೆ ಐತ್ರಿ ಮಾಸ್ತರ್ರ. ನೀವೂ ದಣದೀರಿ. ಇನ್ನ ಅವರ ಕಡೆಯವ್ರು ನೋಡ್ಕೋತಾರ" ಎಂದರು. ಪ್ರದರ್ಶನಕ್ಕೆ ಮೊದಲೇ ಎಲ್ಲವೂ ಪುಣೆಗೆ ಹೋಯಿತು. ಆರು ವರ್ಷದ ನಾಯಿಗಳೆಲ್ಲ ಈಗಲೂ ಅಲ್ಲಿವೆ, ನಾನು ತೆಗೆದ ಫೋಟೋಗಳೂ ಇವೆ. ತಳದಲ್ಲಿ ಬೇರೆ ಹೆಸರಿದೆ. ಅಳಿಸಲಾಗದ ದಾಖಲೆ ಎಂದಿದ್ದರಲ್ಲ, ಅಳಿಸಲು ಬಂದದ್ದು ನನ್ನ ಹೆಸರೊಂದೇ. ಈಗ ಆ ಸಾಲು ನೋಡಲು ಹೋಗುವುದನ್ನೂ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಎಂದರೆ ದಿನಕ್ಕೆ ಒಂದೇ ಸಲ ನೋಡುತ್ತೇನೆ.

ಮನೆಯಲ್ಲಿ ಹೊಸ ಹೆಸರು ಹಳೆಯದಾಗಲು ತಡವಾಗಲಿಲ್ಲ. ಸುವರ್ಣಾ ಖುಷಿಯಿಂದ, "ಅಂಕಲ್, ಊಟಕ್ಕ ಬಾ" ಎಂದು ಕರೆಯುತ್ತಾಳೆ. ಅದು ಅವಳಿಗಿಂತ ಮೊದಲೇ ಅಡುಗೆಮನೆಯಲ್ಲಿರುತ್ತದೆ. ನನಗೆ ಮಾತ್ರ ಆ ಶಬ್ದ ಬಾಯಲ್ಲಿ ಹೊರಡುವುದಿಲ್ಲ. ಬಾಯಿ ತೆರೆದು 'ಅ' ಎಂದು ಅಲ್ಲಿಗೇ ನಿಲ್ಲಿಸುತ್ತೇನೆ. ನಾಯಿ ನನ್ನ ಮುಖ ನೋಡಿ, ಪೂರ್ತಿ ಹೇಳುತ್ತಾನೋ ಎಂದು ಕಾದು, ಹೇಳುವುದಿಲ್ಲವೆಂದು ಗೊತ್ತಾಗಿ, ಮತ್ತೆ ಮಲಗುತ್ತದೆ.

ಹೋದ ವಾರ ಕಾಕಾ ಸಂತೆಗೆಂದು ಜಮಖಂಡಿಗೆ ಬಂದವರು ನಮ್ಮ ಗೇಟಿನ ಮುಂದೆ ನಿಂತು "ಅಂಕಲ್!" ಎಂದು ಕೂಗಿದರು. ಸಭೆಯಾದ ಮೇಲೆ ಸಂಘದವರೊಬ್ಬರೂ ನನ್ನ ಮನೆಯ ಕಡೆ ಸುಳಿದಿರಲಿಲ್ಲ. ನಾನು ಲಗುಬಗೆಯಿಂದ ಎದ್ದು, ಅಂಗಿ ಸರಿಮಾಡಿಕೊಂಡು, ಚಪ್ಪಲಿಯಲ್ಲಿ ಕಾಲು ತೂರಿಸುತ್ತ, "ಬಂದೆ ಕಾಕಾ, ಬಂದೆ" ಎಂದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಅವರು ಗೇಟಿನ ಸರಳುಗಳೊಳಗೆ ಕೈ ಹಾಕಿ ನಾಯಿಯ ಕುತ್ತಿಗೆ ತುರಿಸುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು, ಚಹಾಕ್ಕೆ ಇಡು ಎಂದು ಸುವರ್ಣಾಳಿಗೆ ಹೇಳಿದೆ.